ಒಣಗಿದ ತೂತಿಗೆ ಹೆದರುವ ಸಲಾಕೆ ಅಕ್ಕ

ಬೆಳಗಿನ ಐದೂವರೆ. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತಿದೆ. ಗುಡ್ಡಕ್ಕೆ ಆತುಕೊಂಡ ಉದ್ದನೆಯ ತಡೆಗೋಡೆಯ ಬುಡದಲ್ಲಿ ಹೆಂಗಸೊಬ್ಬರು ಗೋಡೆಯ ತೂತೊಂದರೊಳಗೆ ಕಬ್ಬಿಣದ ಸಲಾಕೆ ತೂರಿಸಿ, ತಿರುವಿ, ಎಳೆಯುತ್ತಾರೆ. ಒಂದು ಹಿಡಿ ಕೊಳೆತ ಎಲೆ, ಅದರ ಬೆನ್ನಿಗೇ ಕೆಸರು ನೀರು ಬಂದು ಮುಖಕ್ಕೆ ರಾಚುತ್ತದೆ. "ಬಂದೆಯಾ ಮಹಾರಾಯ," ಎಂದು ನೀರಿಗೇ ಹೇಳಿ ಮುಂದಿನ ತೂತಿಗೆ ಹೋಗುತ್ತಾರೆ.

ಇಂಥ ತೂತುಗಳು ಇನ್ನೂರ ಹನ್ನೆರಡು. ಗೋಡೆಯ ಕೆಳಗಿನ ಓಣಿಯಲ್ಲಿ ಮನೆಗಳು ಮೂವತ್ತೊಂದು. ಗುಡ್ಡ ಕುಡಿದ ನೀರು ಈ ತೂತುಗಳಿಂದ ಹೊರಬರಬೇಕು. ಬರದಿದ್ದರೆ ಗೋಡೆಯ ಹಿಂದೆ ತುಂಬಿಕೊಂಡು ಗುಡ್ಡವನ್ನೇ ಓಣಿಯ ಮೇಲೆ ತಳ್ಳುತ್ತದೆ. ಊರೆಲ್ಲ ಸುರಿಯುವ ನೀರಿಗೆ ಹೆದರಿದರೆ, ಓಣಿಯವರ ಈ 'ಸಲಾಕೆ ಅಕ್ಕ' ಹೆದರುವುದು ಒಣಗಿದ ತೂತಿಗೆ. ಪುರಸಭೆಯ ಕಾಗದದಲ್ಲಿ ಮಾತ್ರ ಇವರು ಬರೀ ಚರಂಡಿ ಕೆಲಸದವರು.

ಒಂಬತ್ತು ವರ್ಷದ ಹಿಂದೆ, ಗೋಡೆ ಇಲ್ಲದಾಗ, ಗುಡ್ಡ ಜಾರಿ ಇವರ ಅಡುಗೆಮನೆಯನ್ನು ನುಂಗಿತ್ತು. ಮದುವೆಯಾಗಿ ಹೋದ ಮಗಳು ಆಮೇಲೆ ಇಲ್ಲಿ ಒಂದು ರಾತ್ರಿಯೂ ತಂಗಿರಲಿಲ್ಲ. "ಬರ್ತಿದ್ಲು, ಕತ್ತಲಾಗೋ ಮುಂಚೆ ಓಡ್ತಿದ್ಲು. ಬೈಯೋಕೆ ನನಗೆ ಬಾಯಿ ಎಲ್ಲಿತ್ತು?"

ಹೋದ ಮಳೆಗಾಲದಲ್ಲಿ, ಜಡಿಮಳೆಯ ನಡುವೆಯೇ ಮೂರು ತೂತುಗಳು ಒಣಗಿದವು. ಅಕ್ಕ ಮನೆಮನೆ ಬಾಗಿಲು ಬಡಿದು ಎಲ್ಲರನ್ನೂ ಶಾಲೆಗೆ ಸಾಗಿಸಿದರು. ಕೊನೆಗೆ ಮೂರರಲ್ಲೂ ಸಲಾಕೆಗೆ ಸಿಕ್ಕಿದ್ದು ಬಟ್ಟೆ ಚೂರುಗಳ ಉಂಡೆ. ಕೆಸರು ಸಿಡಿದು ಗಿರಾಕಿಗಳ ಬಟ್ಟೆ ಹಾಳಾಗುತ್ತದೆಂದು ಎದುರುಮನೆಯ ಟೈಲರ್ ತುರುಕಿದ್ದ. "ಅಕ್ಕ ಬೆಟ್ಟ ಅಗೆದು ಇಲಿ ಹಿಡಿದ್ರು," ಎಂದು ಓಣಿಯವರು ನಕ್ಕರು. ಉಂಡೆಗಳನ್ನು ಕಿತ್ತಾಗ ನೀರು ಆಳುದ್ದ ಚಿಮ್ಮಿತು, ಅರ್ಧ ಗಂಟೆಯಾದರೂ ತಗ್ಗಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

"ಸಿಟ್ಟು ನೆತ್ತಿಗೇರಿತ್ತು. ಆದ್ರೆ ಬೈದ್ರೆ ಮತ್ತೆ ಕದ್ದು ತುರುಕ್ತಾನೆ. ಇನ್ಮೇಲೆ ಈ ಮೂರೂ ನಿನ್ನವೇ ಕಣಪ್ಪ, ನೀನೇ ನೋಡ್ಕೋ ಅಂದೆ."

ಕಳ್ಳನ ಕೈಗೇ ಬೀಗದ ಕೈ ಕೊಟ್ಟಿದ್ದು ಫಲಿಸಿದೆ. ಈಗ ಪ್ರತಿ ಮನೆಯೂ ತನ್ನೆದುರಿನ ತೂತುಗಳನ್ನು ಕಾಯುತ್ತದೆ. ನಾವು ಮಾತಾಡುತ್ತಿರುವಾಗಲೇ ಟೈಲರ್ ಕಿಟಕಿಯಿಂದ ಕೂಗಿ ವರದಿ ಒಪ್ಪಿಸುತ್ತಾನೆ: "ಅಕ್ಕಾ, ನನ್ನ ಮೂರೂ ಚೆನ್ನಾಗಿ ಸುರೀತಿವೆ."

ಅಕ್ಕ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಾಗಿಸಿ, ತಮ್ಮ ಮನೆಯತ್ತ ನೋಡುತ್ತಾರೆ.

"ನಿನ್ನೆ ಮಗಳು ಕೂಸು ಎತ್ಕೊಂಡು ಬಂದ್ಲು. ಕತ್ತಲಾದ್ರೂ ಹೊರಡ್ಲಿಲ್ಲ. 'ಅಮ್ಮಾ, ನೀರು ಬರ್ತಿದೆ ತಾನೇ?' ಅಂದ್ಲು. ಬರ್ತಿದೆ ಕಣೇ ಅಂದೆ. ಅಷ್ಟೇ, ಮಗು ಪಕ್ಕ ಮಲಗಿಬಿಟ್ಲು. ಇನ್ನೂ ಎದ್ದಿಲ್ಲ. ನೀವೂ ಸ್ವಲ್ಪ ಮೆಲ್ಲಗೆ ಮಾತಾಡಿ."