ಆರು ಇಪ್ಪತ್ತೈದರ ಸೂರ್ಯ

ಹನೋಯಿಗೆ ಹೊರಡುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರು ಪುಟ ತಯಾರು ಮಾಡಿಕೊಂಡಿದ್ದೆ. ಒಂದಕ್ಕೆ ‘ಹಿಡಿಸಿದ್ದು’, ಅದರ ಎದುರಿನದಕ್ಕೆ ‘ಹಿಡಿಸದ್ದು’ ಎಂದು ಹೆಸರು. ಮೂರನೆಯದು ಅಜ್ಜಿಯ ಪುಟ. ಅದರಲ್ಲಿ ಜನವರಿ ೧೭ರಿಂದ ೨೬ರವರೆಗೆ ಹತ್ತು ಸಾಲು. ಒಂದೊಂದು ಸಾಲಿನಲ್ಲೂ ತಾರೀಖು, ಸೂರ್ಯ ಮುಳುಗುವ ಹೊತ್ತು, ನನ್ನ ಊಟ ಮುಗಿದ ಹೊತ್ತು. ಸೂರ್ಯನ ಹೊತ್ತನ್ನು ಹೊಸನಗರದ ಅಜ್ಜಿಮನೆಯ ಗೋಡೆ ಕ್ಯಾಲೆಂಡರ್ ನೋಡಿ ಮೊದಲೇ ತುಂಬಿಸಿಟ್ಟಿದ್ದೆ. ಸಾಗರದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ನನ್ನ ಕೆಲಸ. ಟ್ಯೂಬಿನ ಮೇಲೆ ಗಂಟೆ, ನಿಮಿಷ ಬರೆದು ಬರೆದು ಎಲ್ಲದಕ್ಕೂ ಹಾಗೆ ಬರೆಯುವ ಅಭ್ಯಾಸವಾಗಿಬಿಟ್ಟಿದೆ.

ನಮ್ಮದು ಜೈನರ ಮನೆ. ಸೂರ್ಯ ಮುಳುಗಿದ ಮೇಲೆ ಉಣ್ಣಬಾರದೆಂಬ ನಿಯಮವನ್ನು ಅಜ್ಜಿ ಒಂದು ದಿನವೂ ತಪ್ಪಿಸಿದವಳಲ್ಲ. ಅಪ್ಪ ಅಮ್ಮ ಪರ್ವದ ದಿನಗಳಲ್ಲಿ ಪಾಲಿಸುತ್ತಾರೆ. ನಾನು ನೆನಪಾದಾಗ. ಬೆನ್ನಿಗೊಂದು ಚೀಲ ಹಾಕಿಕೊಂಡು, ತೀರ್ಥಹಳ್ಳಿಯ ಗೆಳತಿಯ ಜೊತೆ ಹತ್ತು ದಿನ ಹೊರದೇಶ ತಿರುಗುತ್ತೇನೆ ಎಂದಾಗ ಅಪ್ಪ ಬೇಡವೆಂದರು. ಅಲ್ಲಿ ಏನು ತಿನ್ನುತ್ತೀಯ, ಯಾವಾಗ ತಿನ್ನುತ್ತೀಯ ಎಂದು ಕೂಗಾಡಿದರು.

“ಕಳ್ಸೋ ಅವಳನ್ನ,” ಎಂದಳು ಅಜ್ಜಿ. “ಹತ್ತು ದಿನ ಹೊತ್ತು ಮುಳುಗೋದ್ರೊಳಗೆ ಉಣ್ತೀನಿ ಅಂತ ಬಸದೀಲಿ ನಿಯಮ ತಗೊಳ್ಳಲಿ. ಅವಳು ಬರೋವರೆಗೆ ನಂದೂ ಒಪ್ಪತ್ತು.”

“ಅವಳು ತಪ್ಪಿದ್ರೆ?”

“ಎಷ್ಟು ದಿನ ತಪ್ತಾಳೋ, ಅಷ್ಟು ದಿನ ನಾನು ಒಪ್ಪತ್ತು ಮುಂದುವರಿಸ್ತೀನಿ.”

ಮರುದಿನ ಬಸದಿಯಲ್ಲಿ ಇಬ್ಬರೂ ಹಾಗೇ ನಿಯಮ ತೆಗೆದುಕೊಂಡೆವು. ಅಜ್ಜಿಗೆ ಎಪ್ಪತ್ತೊಂಬತ್ತು. ಸಕ್ಕರೆ ಕಾಯಿಲೆ ಇದೆ. ಒಪ್ಪತ್ತೆಂದರೆ ದಿನಕ್ಕೆ ಒಂದೇ ಊಟ. ಡಾಕ್ಟರು ಬೈದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಅವಳ ರಕ್ತ ಪರೀಕ್ಷಿಸುವವಳು ನಾನೇ ಆದ್ದರಿಂದ, ಆ ಮಾತು ಎಷ್ಟು ದೊಡ್ಡದೆಂದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ತಾಳಗುಪ್ಪದ ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆ.

ಹನೋಯಿಯಲ್ಲಿ ಮೊದಲ ದಿನವೇ ಎರಡೂ ಪುಟ ತುಂಬತೊಡಗಿದವು. ಅವರ ಹೊಸವರ್ಷ ಹತ್ತಿರ ಬಂದಿತ್ತು. ಆಳೆತ್ತರದ ಕಿತ್ತಳೆ ಗಿಡವನ್ನು ಕುಂಡದ ಸಮೇತ ಸ್ಕೂಟರಿನ ಹಿಂದೆ ಕಟ್ಟಿಕೊಂಡು ಜನ ಹೋಗುತ್ತಿದ್ದರು. ಗಿಡವೇ ಗಾಡಿ ಓಡಿಸಿಕೊಂಡು ಹೋಗುತ್ತಿದೆಯೇನೋ ಎನ್ನಿಸುತ್ತಿತ್ತು. ಹಿಡಿಸಿದ್ದು. ಹಾರ್ನು ನಿಲ್ಲುವುದೇ ಇಲ್ಲ. ಹಿಡಿಸದ್ದು. ಫುಟ್‌ಪಾತಿನ ತುಂಬ ನಮ್ಮ ಅಂಗನವಾಡಿಯಲ್ಲಿ ಇರುವಂಥ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳು. ಅದರ ಮೇಲೆ ಕೋಟು ಹಾಕಿದ ದೊಡ್ಡ ದೊಡ್ಡ ಮನುಷ್ಯರು ಮೊಣಕಾಲು ಎದೆಗೆ ತಾಗಿಸಿಕೊಂಡು ಕಾಫಿ ಕುಡಿಯುತ್ತಾರೆ. ಇದು ಹಿಡಿಸಿತು. ಆದರೆ ಫುಟ್‌ಪಾತಿನಲ್ಲಿ ನಡೆಯಲು ಜಾಗವಿಲ್ಲದೆ ರಸ್ತೆಗಿಳಿದಾಗ ಅದೇ ಸ್ಟೂಲು ಎದುರಿನ ಪುಟಕ್ಕೂ ಹೋಯಿತು. ಒಂದೇ ವಿಷಯವನ್ನು ಎರಡು ಕಡೆ ಬರೆಯಬಹುದೇ ಎಂದು ಯೋಚಿಸುತ್ತ ನಿಂತೆ. ಪಕ್ಕದಲ್ಲೇ ಒಂದು ಸ್ಕೂಟರು ನನ್ನ ಚೀಲವನ್ನು ಸವರಿಕೊಂಡು ಹೋಯಿತು.

“ಬರ್ಕೊಳ್ಳೋದು ಆಮೇಲೆ ಮಾರಾಯ್ತಿ, ಮೊದ್ಲು ಬದುಕು!” ಎಂದು ಗೆಳತಿ ಕೈ ಹಿಡಿದು ಎಳೆದಳು.

ಊಟದ ಚಿಂತೆ ಮಾತ್ರ ಬೇಗ ತೀರಿತು. ನಾವು ಇಳಿದುಕೊಂಡಿದ್ದ ಹಾಸ್ಟೆಲಿನ ಬೀದಿಯಲ್ಲೇ ಬೌದ್ಧರು ನಡೆಸುವ ಸಸ್ಯಾಹಾರದ ಅಂಗಡಿಯೊಂದಿತ್ತು. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಅಂಗಡಿಯ ಹೆಂಗಸು ದಿನಾ ನನ್ನ ಬಟ್ಟಲಿಗೆ ಅಣಬೆ, ತೋಫು, ಸೊಪ್ಪು ಹಾಕಿ, ನಾನು ಉಣ್ಣುವುದನ್ನು ನಗುತ್ತ ನೋಡುತ್ತಿದ್ದಳು. ಗೆಳತಿ ಊರಿಡೀ ಸುತ್ತಿ ಕಂಡದ್ದೆಲ್ಲ ತಿಂದು ಬರುತ್ತಿದ್ದಳು.

ವಾರವಿಡೀ ಸೂರ್ಯನೇ ಕಾಣಲಿಲ್ಲ. ಜಿಟಿಜಿಟಿ ಹನಿ, ಬೂದಿ ಬಣ್ಣದ ಆಕಾಶ. ಸಂಜೆ ಐದೂವರೆಗೆಲ್ಲ ಬೀದಿದೀಪ ಹತ್ತುತ್ತಿತ್ತು. ನಾನು ಆರು ಗಂಟೆಯ ಹೊತ್ತಿಗೆ ಊಟ ಮುಗಿಸುವಾಗ ಬೀದಿ ಪೂರ್ತಿ ಕತ್ತಲಾಗಿರುತ್ತಿತ್ತು. ಅದು ವಿಚಿತ್ರವೆನ್ನಿಸಲಿಲ್ಲ. ಮಲೆನಾಡಿನ ನಮ್ಮ ಕಡೆ ಆಷಾಢದಲ್ಲಿ ನಾಲ್ಕು ಗಂಟೆಗೇ ಲೈಟು ಹಾಕುತ್ತೇವೆ. ಎಷ್ಟೋ ದಿನ ಸೂರ್ಯ ಹುಟ್ಟಿದ್ದೂ ಮುಳುಗಿದ್ದೂ ಯಾರಿಗೂ ಕಾಣುವುದಿಲ್ಲ. ಅದಕ್ಕೇ ಅಜ್ಜಿ ಚಿಕ್ಕಂದಿನಲ್ಲಿ ಕಲಿಸಿದ್ದಳು: “ಆಕಾಶ ನೋಡ್ಬೇಡ, ಕ್ಯಾಲೆಂಡರ್ ನೋಡು.” ನಾನು ನೋಟ್‌ಬುಕ್ ನೋಡುತ್ತಿದ್ದೆ. ಆರು ಇಪ್ಪತ್ತೆರಡು, ಆರು ಇಪ್ಪತ್ತಮೂರು. ಅದರೊಳಗೆ ಮುಗಿಸುತ್ತಿದ್ದೆ. ರಾತ್ರಿ ಮಲಗುವ ಮೊದಲು ಅಜ್ಜಿಗೆ ಫೋನು.

“ಎಷ್ಟೊತ್ತಿಗೆ ಉಂಡೆ?”

“ಆರಕ್ಕೆ ಮುಗೀತು ಅಜ್ಜಿ. ಸೂರ್ಯಾಸ್ತ ಆರು ಇಪ್ಪತ್ಮೂರಕ್ಕೆ.”

“ಎರಡು ಗಳಿಗೆ ಮೊದ್ಲೇ ಮುಗಿಸ್ಬೇಕು ಅಂತ ಹೇಳಿಲ್ವಾ?”

ಎರಡು ಗಳಿಗೆ ಎಂದರೆ ನಲವತ್ತೆಂಟು ನಿಮಿಷ. ಅಷ್ಟು ಬೇಗ ಹಸಿವಾಗುವುದಿಲ್ಲ ಎಂದು ನಾನು ನಗುತ್ತಿದ್ದೆ. “ಹೋಗ್ಲಿ ಬಿಡು, ಮುಳುಗೋದ್ರೊಳಗೆ ಉಂಡ್ಯಲ್ಲ,” ಎನ್ನುತ್ತಿದ್ದಳು.

ಎಂಟನೆಯ ದಿನ, ಜನವರಿ ೨೪ರ ಮಧ್ಯಾಹ್ನ, ಮೋಡ ಹರಿಯಿತು. ಊರಿಗೆ ಊರೇ ಹೊರಗೆ ಬಂದಂತಿತ್ತು. ನಾವೂ ದೊಡ್ಡ ಕೆರೆಯ ದಂಡೆಗೆ ಹೋದೆವು. ಜನ ಗುಂಪುಗುಂಪಾಗಿ ನೀರಿನ ಕಡೆ ಮುಖ ಮಾಡಿ ನಿಂತಿದ್ದರು.

“ಹೊಳೆಬಾಗಿಲಲ್ಲಿ ಹೊಳೆ ದಾಟೋ ಲಾಂಚಿಗೆ ಕಾಯ್ದ ಹಾಗೆ ಕಾಯ್ತಿದಾರಲ್ಲೇ, ಎಂತಕ್ಕೆ?” ಎಂದಳು ಗೆಳತಿ.

ಕಾಯುತ್ತಿದ್ದದ್ದು ಸೂರ್ಯನಿಗೆ. ಕೆಂಪಗೆ, ಗುಂಡಗೆ, ನೀರಿನಿಂದ ಒಂದೆರಡು ಬೆರಳು ಮೇಲಿದ್ದ. ಗಡಿಯಾರ ನೋಡಿದೆ. ಐದು ಮೂವತ್ತೈದು. ನನ್ನ ಪುಟದ ಪ್ರಕಾರ ಅವನಿಗೆ ಇನ್ನೂ ಐವತ್ತು ನಿಮಿಷ ಇತ್ತು. ನೋಡುತ್ತಿದ್ದಂತೆ ಅಂಚು ನೀರಿಗೆ ತಾಗಿತು, ಅರ್ಧವಾಯಿತು, ಗೀಟಾಯಿತು, ಹೋಯಿತು. ಐದು ನಲವತ್ತೊಂದು. ಸುತ್ತ ಜನ ಚಪ್ಪಾಳೆ ತಟ್ಟಿದರು.

“ಅದು ಮುಳುಗಿಬಿಡ್ತಲ್ಲೇ!” ಎಂದೆ.

“ಮತ್ತೆ? ನಿಂತ್ಕೊಂಡಿರತ್ತಾ? ಫೋಟೋ ತೆಗ್ದ್ಯಾ?”

“ಆರು ಇಪ್ಪತ್ತೈದಕ್ಕೆ ಮುಳುಗ್ಬೇಕಿತ್ತು!”

ಅವಳು ನನ್ನ ನೋಟ್‌ಬುಕ್ ಕಿತ್ತುಕೊಂಡು ಪುಟ ನೋಡಿದಳು. ನಗು ಶುರುವಾದದ್ದು ನನ್ನ ಮುಖ ನೋಡಿ ನಿಂತಿತು. “ಗಡಿಯಾರ ಇಲ್ಲಿಂದು, ಸೂರ್ಯ ಹೊಸನಗರದ್ದು. ಅಲ್ವೇ?”

ಅಲ್ಲೇ ಕಟ್ಟೆಯ ಮೇಲೆ ಕುಳಿತು ಹಿಂದಿನ ಏಳು ಸಾಲು ನೋಡಿದೆ. ಫೋನಿನಲ್ಲಿ ಆ ಊರಿನ ಸೂರ್ಯಾಸ್ತ ಹುಡುಕಿ ಒಂದೊಂದರ ಎದುರು ಬರೆದೆ. ಬಂದಿಳಿದ ದಿನ ಸುಸ್ತಾಗಿ ನಾಲ್ಕೂವರೆಗೇ ಉಂಡಿದ್ದೆ, ಸರಿ. ಇನ್ನೊಂದು ದಿನ ಜೋರು ಹನಿಯೆಂದು ಐದಕ್ಕೆ ಉಂಡಿದ್ದೆ, ಸರಿ. ಉಳಿದ ಐದೂ ತಪ್ಪು. ಮತ್ತೆ ಎಣಿಸಿದೆ. ಐದೇ. ನನಗೆ ತಿಳಿಯದೆ ಆದದ್ದು ತಪ್ಪೋ ಅಲ್ಲವೋ? ಹೇಳಿದರೆ ಅಜ್ಜಿ ಮತ್ತೆ ಐದು ದಿನ ಒಂದೇ ಊಟದಲ್ಲಿರುತ್ತಾಳೆ. ಹೇಳದಿದ್ದರೆ ಅವಳು ಬಸದಿಯಲ್ಲಿ ಆಡಿದ ಮಾತನ್ನು ಅವಳಿಗೇ ತಿಳಿಯದಂತೆ ನಾನು ಮುರಿದ ಹಾಗೆ. ಗೆಳತಿ, “ಹೇಳ್ಬೇಡ ಕಣೆ, ಮುದುಕಿ ಜೀವ,” ಎಂದಳು. ಆಮೇಲೆ ಅವಳೇ, “ಆದ್ರೆ ನೀನು ಹೇಳ್ದೆ ಇರೋಳಲ್ಲ,” ಎಂದಳು. ಆ ಸಂಜೆ ನಾನು ಉಣ್ಣಲಿಲ್ಲ. ಫೋನಿನಲ್ಲಿ ಹಸಿವಿಲ್ಲ ಎಂದಷ್ಟೇ ಹೇಳಿದೆ. ಉಳಿದೆರಡು ದಿನ ಐದಕ್ಕೇ ಊಟ. ಅಂಗಡಿಯ ಹೆಂಗಸು ಗೋಡೆಯ ಗಡಿಯಾರ ತೋರಿಸಿ ಏನೋ ಕೇಳಿದಳು. ನಾನು ಬಾಗಿಲಾಚೆಯ ಆಕಾಶ ತೋರಿಸಿದೆ.

ಊರಿಗೆ ಬಂದವಳೇ ಸಾಗರಕ್ಕೆ ಹೋಗದೆ ನೇರ ಹೊಸನಗರಕ್ಕೆ ಹೋದೆ. ಮೊದಲು ಅಜ್ಜಿಯ ಬೆರಳು ಚುಚ್ಚಿ ಸಕ್ಕರೆ ನೋಡಿದೆ. ೯೪. ಆಮೇಲೆ ನೋಟ್‌ಬುಕ್ ತೆರೆದು ಎಲ್ಲ ಸಾಲು ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

“ಐದು ದಿನ,” ಎಂದಳು.

“ನಿನ್ನ ಬದಲು ನಾನು ಮಾಡ್ತೀನಿ ಅಜ್ಜಿ.”

“ನೀನು ಬೇಕಾದ್ರೆ ಮಾಡು. ಬದಲು ಹ್ಯಾಂಗೆ ಆಗತ್ತೆ? ಮಾತು ಕೊಟ್ಟಿದ್ದು ನಾನು.”

“ನಂಗೆ ಗೊತ್ತಿರ್ಲಿಲ್ಲ.”

“ಗೊತ್ತಿರಲ್ಲ ಅಂತಾನೇ ಎರಡು ಗಳಿಗೆ ಮೊದ್ಲು ಅನ್ನೋದು.”

ಲೆಕ್ಕ ಹಾಕಿ ನೋಡಿದೆ. ಕ್ಯಾಲೆಂಡರಿನ ಹೊತ್ತಿನಿಂದ ನಲವತ್ತೆಂಟು ನಿಮಿಷ ಕಳೆದರೆ, ಹನೋಯಿಯ ಸೂರ್ಯ ಮುಳುಗಲು ಪ್ರತಿದಿನವೂ ಮೂರ್ನಾಲ್ಕು ನಿಮಿಷ ಬಾಕಿ ಇರುತ್ತಿತ್ತು. ಹನೋಯಿ ಎಲ್ಲಿದೆಯೆಂದೂ ಗೊತ್ತಿರದ ಅಜ್ಜಿಯ ಲೆಕ್ಕ ಅಲ್ಲಿ ಹೇಗೆ ಸರಿಹೋಯಿತೆಂದು ಈಗಲೂ ನನಗೆ ಅರ್ಥವಾಗಿಲ್ಲ. ಕಾಕತಾಳೀಯವೇ ಇರಬೇಕು. ಇರಬಹುದು.

ರಜೆ ಮುಂದುವರಿಸಿ ಅಲ್ಲೇ ಉಳಿದೆ. ಇಬ್ಬರದೂ ಒಪ್ಪತ್ತು. ದಿನಕ್ಕೆ ಮೂರು ಸಲ ಅವಳ ಬೆರಳು ಚುಚ್ಚುತ್ತಿದ್ದೆ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಬೆಲ್ಲದ ನೀರು ಕುಡಿಯಲೇಬೇಕೆಂದು ಮೊದಲೇ ಒಪ್ಪಿಸಿಕೊಂಡಿದ್ದೆ. ಮೂರನೆಯ ಮಧ್ಯಾಹ್ನ ೭೩ ಬಂತು. ನಾನು ಬೆಲ್ಲ ತರಲು ಎದ್ದೆ. “ಎಪ್ಪತ್ಮೂರು ಎಪ್ಪತ್ತಕ್ಕಿಂತ ಜಾಸ್ತಿಯೋ ಕಮ್ಮಿಯೋ?” ಎಂದು ಅಜ್ಜಿಯೇ ಕೇಳಿದಳು. ತಟ್ಟೆ ಹಾಕಿಸಿಕೊಂಡು ಕುಳಿತಳು.

ಆರನೆಯ ದಿನ ಸಂಜೆ ಐದೂ ಕಾಲಿಗೆ ಇಬ್ಬರೂ ಒಟ್ಟಿಗೆ ಕುಳಿತೆವು. ಹದಿನೈದು ದಿನಗಳ ನಂತರ ಅವಳು ದಿನದಲ್ಲಿ ಎರಡನೇ ಸಲ ಉಣ್ಣುವುದು ಅದೇ ಮೊದಲು. ಗಂಜಿಗೆ ತುಪ್ಪ ಹಾಕಿಕೊಳ್ಳುತ್ತ ಕೇಳಿದಳು:

“ಆ ಊರು ಹ್ಯಾಂಗಿತ್ತೇ?”

ನೋಟ್‌ಬುಕ್ ತಂದೆ. ಹಿಡಿಸಿದ್ದು ನಲವತ್ತೊಂದು, ಹಿಡಿಸದ್ದು ಮೂವತ್ತೆಂಟು, ಎರಡೂ ಕಡೆ ಇರುವುದು ಹದಿಮೂರು.

“ಹಾಗಂದ್ರೆ ಹ್ಯಾಂಗಿತ್ತು?”

“ಗೊತ್ತಾಗ್ತಿಲ್ಲ ಅಜ್ಜಿ.”

“ಕೆರೆಯಲ್ಲಿ ಮುಳುಗಿದ ಸೂರ್ಯನ್ನ ಯಾವ ಕಡೆ ಬರ್ದೆ?”

“ಎಲ್ಲೂ ಬರ್ದಿಲ್ಲ.”

“ಚೆಂದ ಇತ್ತಾ?”

“ಇತ್ತು.”

ಅವಳು ತುತ್ತು ನುಂಗಿ, ಎಡಗೈಯಿಂದ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು. “ಮೊದ್ಲು ಉಣ್ಣು, ಆಮೇಲೆ ಬರಿ. ಹೊತ್ತಾಗತ್ತೆ.”