ಎರಡನೇ ಮುದ್ದೆ

ನನ್ನ ಹೆಂಡತಿ ಕಳೆದ ಸೋಮವಾರ ಬೀಗಿತ್ತಿಯನ್ನೇ ಎದುರು ಹಾಕಿಕೊಂಡಳು. ಕೈಯಲ್ಲಿದ್ದದ್ದು ಒಂದು ರಾಗಿಮುದ್ದೆ, ಅಷ್ಟೇ!

ಮಗಳು ಚೊಚ್ಚಲ ಹೆರಿಗೆಗೆಂದು ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದಿದ್ದಾಳೆ. ಏಳು ತಿಂಗಳು. ಅವಳನ್ನು ನೋಡಲು ಅವಳ ಅತ್ತೆ ಅರಕಲಗೂಡಿನಿಂದ ಇದ್ದಿಲು ಬಸ್ಸಿನಲ್ಲಿ ಬಂದರು. (ಯುದ್ಧದ ಪುಣ್ಯ, ಪೆಟ್ರೋಲಿಲ್ಲ, ದಿಬ್ಬ ಬಂದಾಗಲೆಲ್ಲ ಪ್ಯಾಸೆಂಜರುಗಳೇ ಇಳಿದು ತಳ್ಳಬೇಕು.) ಮುಖದ ಮಸಿ ತೊಳೆದು ಊಟಕ್ಕೆ ಕೂತವರು, ಸೊಸೆಯ ತಟ್ಟೆಗೆ ಎರಡನೇ ಮುದ್ದೆ ಬಿದ್ದದ್ದು ಕಂಡು ಹೌಹಾರಿದರು.

"ಇದೇನ್ರವ್ವಾ! ಬಸುರಿ ಅರೆಹೊಟ್ಟೆ ಉಣ್ಬೇಕು. ಮಗ ದಪ್ಪ ಆಗ್ಬುಟ್ರೆ ಎರಿಗೆ ಆಗೋದೆಂಗೆ? ನನ್ ತಂಗಿ ಎರಿಗೇಲೇ ತೀರ್ಕೊಂಡ್ಲು ಕಣ್ರವ್ವಾ."

ಹೇಳುವಾಗ ಅವರ ಕಣ್ಣು ತುಂಬಿತು. ದರ್ಪವಲ್ಲ, ಭಯ. ನಾನು ತಲೆ ಬಗ್ಗಿಸಿ ಉಣ್ಣುತ್ತ ಕೂತೆ. ಹಳೆಯ ಅಭ್ಯಾಸ.

ನನ್ನವಳು ಬಿಡಲಿಲ್ಲ. "ನನ್ ದೊಡ್ಮಗನ ಕಾಲ್ದಲ್ಲಿ ನಾನೂ ಅರೆಹೊಟ್ಟೇನೇ ಉಂಡೆ ಕಣಕ್ಕಾ. ನಮ್ಮತ್ತೆ ಅಷ್ಟು ಕಟ್ಟುನಿಟ್ಟು. ಇಲಿಮರಿಯಂಗೆ ಉಟ್ದ. ಎರಿಗೆ ಸಲೀಸಾಯ್ತು ಅಂದ್ರು ಎಲ್ರೂ. ಇಪ್ಪತ್ತೆರಡು ವರ್ಸದಿಂದ ಎದೆ ಇಡ್ಕೊಂಡು ಕೆಮ್ತಾವ್ನೆ. ಅದ್ಯಾರಿಗೆ ಸಲೀಸು?"

(ಡಾಕ್ಟರನ್ನು ಕೇಳಿದರೆ ನೂರು ಕಾರಣ ಹೇಳಿಯಾರು. ಹೆತ್ತವಳಿಗೆ ಕಾಣುವುದು ಆ ಒಂದೇ.)

ಮಗಳು ಹೊಟ್ಟೆಯಲ್ಲಿದ್ದಾಗ ಇವಳು ತಿರುಗಿಬಿದ್ದಳು. ನನ್ನ ತಾಯಿಯ ಕಣ್ಣೆದುರೇ ಎರಡು ಮುದ್ದೆ, ಹುರುಳಿಕಾಳು, ನುಗ್ಗೆಸೊಪ್ಪು. ಬೀದಿಗೆ ಬೀದಿಯೇ ಹೊಟ್ಟೆಬಾಕಿ ಎಂದಿತು. ಹುಟ್ಟಿದವಳೋ, ಮಲೇರಿಯಾ ಊರನ್ನೆಲ್ಲ ಮಲಗಿಸಿದ ವರ್ಷವೂ ಕೊಡ ಹೊತ್ತು ನೀರು ತಂದ ಗಟ್ಟಿಗಿತ್ತಿ. ಅಂದು ಹೆಂಡತಿಯ ಪರವಾಗಿ ಒಂದು ಮಾತಾಡಲು ಹೆದರಿದವನು ಇಂದು ಅವಳ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ. ನಾಚಿಕೆಗೆಟ್ಟ ಗಂಡಸು ನೋಡಿ!

"ನಿಮ್ ಭಯ ಸುಳ್ಳಲ್ಲ ಕಣಕ್ಕಾ," ಎಂದಳು ನನ್ನವಳು, ಈ ಬಾರಿ ಮೆತ್ತಗೆ. "ಅದ್ಕೇ ಹಾಸನದ ಆಸ್ಪತ್ರೇಲಿ ತೋರ್ಸಿದೀನಿ. ಎರಿಗೇನೂ ಅಲ್ಲೇ. ಹೊಟ್ಟೆ ತುಂಬ ಉಣ್ಲಿ ಅಂತ ಲೇಡಿ ಡಾಕ್ಟ್ರೇ ಏಳವ್ರೆ."

ಬೀಗಿತ್ತಿ ತಾವೇ ಸೌಟು ಹಿಡಿದು ಸೊಸೆಗೆ ಸೊಪ್ಪಿನ ಸಾರು ಬಡಿಸಿದರು.

"ಉಣ್ಣವ್ವಾ. ನನ್ ತಂಗಿಗೆ ಯಾರೂ ಹೊಟ್ಟೆ ತುಂಬ ಇಕ್ಕಿರ್ನಿಲ್ಲ."

ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೋ ಎದೆಯುಬ್ಬಿ ಬಂತು. ಇಂಥವಳ ಗಂಡ ನಾನು ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಗಬೇಕೆನಿಸಿತು.

ಸ್ವಾಮಿ, ನಿಮ್ಮ ಮನೆಯ ಬಸುರಿ ಇವತ್ತು ಉಂಡದ್ದು ನಿಮಗಿಂತ ಮುಂಚೆಯೋ, ನೀವು ಉಂಡು ಮಿಕ್ಕಿದ್ದನ್ನೋ?