ಹಂಡೆ ಒಲೆಗೆ ಹೋದ ಗರಿಗಳು

ಕಾಲೇಜಿನ ಕಥೋಲಿಕ ವಿದ್ಯಾರ್ಥಿ ಸಂಘಕ್ಕೆ ಕಾರ್ಯದರ್ಶಿಯಾದಾಗ ನನಗೆ ಅರವತ್ತು ದಾಟಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಮೇಲೆ, ಹುಡುಗಿಯಾಗಿದ್ದಾಗ ಕೈತಪ್ಪಿದ ಬಿ.ಎ.ಯನ್ನು ಈಗಲಾದರೂ ಮುಗಿಸೋಣವೆಂದು ತುರುವೇಕೆರೆಯ ಕಾಲೇಜಿಗೆ ಸೇರಿದ್ದೆ. ಸಂಘದಲ್ಲಿ ನಾವು ಎಂಟು ಮಂದಿ. ಕಾರ್ಯದರ್ಶಿ ಯಾರಾಗುತ್ತೀರಿ ಎಂದು ಕೇಳಿದಾಗ ಉಳಿದ ಏಳು ಮಂದಿ ಫೋನು ನೋಡಿಕೊಳ್ಳುತ್ತಿದ್ದರು. ತಲೆ ಎತ್ತಿ ಕೂತಿದ್ದವಳು ನಾನೊಬ್ಬಳೇ.

ನಾನು ಬೆಳೆದದ್ದು ಕನ್ಯಾಸ್ತ್ರೀಯರ ಬೋರ್ಡಿಂಗ್‌ನಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಆಮೇಲೆ ದುಡಿದದ್ದು ವಾರ್ಡಿನಲ್ಲಿ. ಅಲ್ಲಿ ಮಾತ್ರೆ ತಡವಾದರೆ ಕೇಳುವವರಿದ್ದರು. ಇಂಥವಳಿಗೆ ಸಿಕ್ಕಿದ್ದು ಒಂದು ವಾಟ್ಸಾಪ್ ಗುಂಪು. 'ಭಾನುವಾರ ನಾಲ್ಕಕ್ಕೆ ಪ್ರಾರ್ಥನೆ' ಎಂದು ಹಾಕಿದರೆ ಎಲ್ಲರೂ ಹೆಬ್ಬೆರಳು ಎತ್ತುತ್ತಿದ್ದರು. ಅದರರ್ಥ ಬರುತ್ತೇವೆ ಎಂದಲ್ಲ, ಓದಿದ್ದೇವೆ ಎಂದೂ ಅಲ್ಲ.

ನಮಗೆ ಸ್ವಂತ ಜಾಗವಿರಲಿಲ್ಲ. ಕೊಬ್ಬರಿ ವ್ಯಾಪಾರದ ಲಿಂಗಾಯತ ಮನೆಯವರೊಬ್ಬರು ತಮ್ಮ ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ತಿಂಗಳಿಗೊಮ್ಮೆ ತಿಪಟೂರಿನಿಂದ ಫಾದರ್ ಬಸ್ಸಿನಲ್ಲಿ ಬಂದು ಅಲ್ಲಿ ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸುತ್ತಿದ್ದರು. ಒಮ್ಮೆ ಅವರು ಬಂದಾಗ ಕೋಣೆಯ ಕೀಲಿಕೈ ಸಿಗಲಿಲ್ಲ. ಇನ್ನೊಮ್ಮೆ ಇದ್ದವರು ನಾನು ಮತ್ತು ಹಾಸ್ಟೆಲಿನ ಒಬ್ಬ ಹುಡುಗಿ, ಇಬ್ಬರೇ. ಆವತ್ತು ಅವರು ಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದು ಸಲ ಹೀಗಾದರೆ ನಾನು ಬರೋದಿಲ್ಲ ಅಮ್ಮ. ನೀವೇ ತಿಪಟೂರಿಗೆ ಬನ್ನಿ."

ಹುಡುಗರಿಗೇನು, ಬೈಕಿದೆ. ಆ ಹುಡುಗಿ ಕೊಳ್ಳೇಗಾಲದ ಕಡೆಯವಳು, ಮೊದಲ ವರ್ಷದವಳು. ಮೆಟ್ಟಿಲಿಳಿಯುವಾಗ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ವಾರ್ಡನ್ ಊರು ಬಿಟ್ಟು ಕಳ್ಸಲ್ಲ ಆಂಟಿ. ಇಲ್ಲಿ ನಿಂತೋದ್ರೆ, ರಜಕ್ಕೆ ಮನೆಗೆ ಹೋಗೋವರ್ಗೂ ನಂಗೆ ಪೂಜೆನೇ ಇಲ್ಲ."

ಮುಂದಿನ ಸಲ ಫಾದರ್ ಬರಬೇಕಿದ್ದದ್ದು ಉಪವಾಸದ ನಲವತ್ತು ದಿನ ಶುರುವಾಗುವ ಬೂದಿ ಬುಧವಾರಕ್ಕೆ. ಹಿಂದಿನ ವರ್ಷ ಈಸ್ಟರ್‌ಗೆ ಮೊದಲಿನ ಗರಿಗಳ ಭಾನುವಾರದಂದು ಮಂತ್ರಿಸಿದ ತೆಂಗಿನ ಗರಿಗಳನ್ನು ಕಾಪಿಟ್ಟು, ಸುಟ್ಟು, ಆ ಬೂದಿಯಿಂದ ಎಲ್ಲರ ಹಣೆಗೆ ಶಿಲುಬೆ ಗುರುತು ಹಾಕುವುದು ನಮ್ಮ ಪದ್ಧತಿ. ಗರಿಗಳಿದ್ದದ್ದು ಸಂಘದ ಅಧ್ಯಕ್ಷನ ಸುಪರ್ದಿನಲ್ಲಿ. ಕೊನೆಯ ವರ್ಷದ ಹುಡುಗ, ನಗುಮುಖದವನು, ಯಾವ ಕೆಲಸಕ್ಕೂ ಇಲ್ಲ ಎನ್ನುವವನಲ್ಲ, ಯಾವ ಕೆಲಸವನ್ನೂ ಮಾಡುವವನೂ ಅಲ್ಲ. ಭಾನುವಾರವೇ ಸುಟ್ಟು ಬೂದಿ ಮಾಡಿಡು ಎಂದಿದ್ದೆ. "ಆಯ್ತು ಬುಡಿ ಆಂಟಿ" ಎಂದಿದ್ದ.

ಬುಧವಾರ ಮಧ್ಯಾಹ್ನ ಮಹಡಿಯ ಕೋಣೆಗೆ ಹೋಗಿ ಅವನನ್ನು ಕೇಳಿದರೆ, ಬೂದಿ ಇಲ್ಲ.

"ಈಗ ಸುಟ್ರಾಯ್ತು, ಐದೇ ನಿಮಿಷ. ಗರಿ ಕೆಳಗಡೆ ಅಟ್ಟದ ಮೇಲೈತೆ."

ಕೆಳಗೆ ಕೊಬ್ಬರಿಯಾಗಲೆಂದು ಅಟ್ಟದ ತುಂಬ ಕಾಯಿ ಹರವಿದ್ದರು. ಕಾಯಿಗಳಿದ್ದವು, ಗರಿ ಇರಲಿಲ್ಲ. ಮನೆಯ ಯಜಮಾನರ ತಾಯಿ ಒಳಗಿನಿಂದ ಬಂದರು. ಎಂಬತ್ತರ ಹಣ್ಣುಮುದುಕಿ.

"ಆ ಒಣಗರಿನಾ? ಬೆಳಿಗ್ಗೆ ಹಂಡೆ ಒಲೆಗೆ ಹಾಕ್ದೆ ಕಣಮ್ಮ. ಒಂದು ಹಿಡಿ ಇತ್ತು, ನೀರು ಕೂಡ ಸರಿಯಾಗಿ ಕಾಯ್ನಿಲ್ಲ."

"ಅಯ್ಯೋ, ಅದು ದೇವ್ರ ಗರಿ ಅಜ್ಜಿ!" ಎಂದ ಅಧ್ಯಕ್ಷ.

"ದೇವ್ರುದ್ದಾದ್ರೆ ದೇವ್ರ ಮನೇಲಿ ಮಡುಗ್ಬೇಕಪ್ಪ. ಕಾಯಿ ಅಟ್ಟದ ಮೇಲೆ ಒಣಗರಿ ಇದ್ರೆ ಒಲೆಗಲ್ದೆ ಇನ್ಯಾತಕ್ಕೆ?"

ನಾನೂ ಈ ಸೀಮೆಯವಳೇ. ಒಣಗರಿ ಕಂಡರೆ ನನ್ನ ಕೈಯೂ ಒಲೆಯ ಕಡೆಗೇ ಹೋಗುತ್ತದೆ. ತಿರುಗಿ ನೋಡುವಷ್ಟರಲ್ಲಿ ಅಧ್ಯಕ್ಷ ಬೈಕ್ ಹತ್ತಿ ಹೋಗಿಯಾಗಿತ್ತು. ಎಲ್ಲಿಂದಲೋ ಗರಿ ತರುತ್ತಾನೆ ಎಂದುಕೊಂಡೆ. ತಂದದ್ದು ಗ್ರಂಥಿಗೆ ಅಂಗಡಿಯ ವಿಭೂತಿ ಗಟ್ಟಿ.

"ಇದೂ ಬೂದಿನೇ ಅಲ್ವಾ ಆಂಟಿ? ಒಳ್ಳೇದೇ ಕೊಡಿ ಅಂತ ಕೇಳಿ ತಂದೆ."

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ, ಅದು ನಮ್ದು ಕಣ್ಲಾ! ತಂದಿದ್ದೀಯಲ್ಲ, ಇತ್ಲಾಗೆ ಕೊಡು. ಮನೇಲಿ ಮುಗ್ದೋಗಿತ್ತು."

ಅಷ್ಟರಲ್ಲಿ ಹಾಸ್ಟೆಲಿನ ಹುಡುಗಿ ಬಂದಳು. ಆದದ್ದನ್ನು ಕೇಳಿ ಅವಳ ಮುಖ ಸಣ್ಣದಾಯಿತು. ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಒಂದು ತಟ್ಟೆ ಬೂದಿ ಗೋರಿಕೊಂಡು ಬಂದು, ಅಜ್ಜಿ ಕೊಟ್ಟ ತೆಳು ಬಟ್ಟೆಯಲ್ಲಿ ಸೋಸತೊಡಗಿದಳು.

"ಇದರಲ್ಲಿ ಕಾಯಿ ಸಿಪ್ಪೆ ಬೂದಿಯೂ ಸೇರಿದೆ ಕಣೇ" ಎಂದು ರೇಗಿದೆ.

"ನಮ್ಮ ಗರಿದೂ ಸೇರಿದೆ ಅಲ್ವಾ ಆಂಟಿ?" ಎಂದಳು, ತಲೆ ಎತ್ತದೆ.

ಫಾದರ್ ಬಂದರು. ಮುಚ್ಚಿಡುವುದು ನನ್ನ ಜಾಯಮಾನವಲ್ಲ. ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವಂತೆ ಎಲ್ಲವನ್ನೂ ಒಪ್ಪಿಸಿದೆ. ಅವರು ಬೂದಿಯನ್ನು ನೋಡಿದರು, ಅಧ್ಯಕ್ಷನನ್ನು ನೋಡಿದರು, ಮೊಣಕೈವರೆಗೂ ಮಸಿಯಾಗಿದ್ದ ಹುಡುಗಿಯ ಕೈಗಳನ್ನು ನೋಡಿದರು. "ಮನುಷ್ಯನೇ ಮಣ್ಣಿಗೆ ಹೋಗೋನು. ಸಿಪ್ಪೆ ಬೂದಿಗೆ ನಾವೇನು ಹೇಸೋದು?" ಎಂದು ತಟ್ಟೆ ತೆಗೆದುಕೊಂಡರು. ಬೂದಿಯನ್ನು ಮಂತ್ರಿಸಿ ಮೊದಲು ಅವಳನ್ನೇ ಕರೆದರು. ಉಳಿದ ಹುಡುಗರಲ್ಲಿ ಇಬ್ಬರು ಫಾದರ್ ಉಪದೇಶ ಮುಗಿದ ಮೇಲೆ ಏದುಸಿರು ಬಿಡುತ್ತ ಬಂದರು, ಮೂವರು ಬರಲೇ ಇಲ್ಲ.

ಪೂಜೆ ಮುಗಿದು ಫಾದರ್ ಚೀಲ ಕಟ್ಟುವಾಗ, ಈ ಕೆಲಸ ಇವತ್ತಿಗೆ ಸಾಕು, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳುವುದಕ್ಕೇ ನಾನು ಹತ್ತಿರ ಹೋದೆ. ಅವರೇ ಮೊದಲು ಬಾಯಿಬಿಟ್ಟರು.

"ಮುಂದಿನ ತಿಂಗಳೂ ಬರ್ತೀನಿ ಅಮ್ಮ. ಆದರೆ ಈ ಹುಡುಗರನ್ನ ನಂಬಿ ಅಲ್ಲ. ನಿಮ್ಮ ಬಿ.ಎ. ಮುಗಿಯೋವರೆಗೂ ಕಾರ್ಯದರ್ಶಿ ನೀವೇ ಆಗಿರೋದಾದರೆ ಹೇಳಿ."

ಹುಡುಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ನಿಂತಳು. ಹಾಸ್ಟೆಲಿಗೆ ಹೊತ್ತಾಗುತ್ತಿತ್ತು, ಆದರೂ ಕದಲಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

"ಆಗಲಿ" ಎಂದೆ. ಸಂತೋಷದಿಂದ ಹೇಳಿದೆನೆಂದರೆ ಸುಳ್ಳಾಗುತ್ತದೆ. "ನೀನ್ಯಾಕೆ ಇನ್ನೂ ನಿಂತಿದ್ದೀಯ? ಗೇಟು ಹಾಕ್ತಾರೆ, ನಡಿ!" ಎಂದು ಅವಳ ಮೇಲೆ ಹಾರಿಬಿದ್ದೆ. ಅವಳು ದಡದಡನೆ ಮೆಟ್ಟಿಲಿಳಿದು ಓಡಿದಳು.